ಬೆರಳು ಬಿದ್ದಲ್ಲಿ ಬಣ್ಣ ತುಂಬುವ ಕಾಂತಾ

ಬೆಳಗಾವಿಯ ವಡಗಾವಿ ಓಣಿಯಲ್ಲಿ ಬೆಳಿಗ್ಗೆ ಆರಕ್ಕೇ ಮಗ್ಗಗಳ ಸದ್ದು ಶುರುವಾಗಿದೆ. ಪಡಸಾಲೆಯ ನೆಲದ ಮೇಲೆ ಕುಳಿತ ಕಾಂತಾ ಕಾಗದದ ಚೌಕಗಳಿಗೆ ಕೆಂಪು ತುಂಬುತ್ತಿದ್ದಾರೆ. ನೋಡಿದವರು ಸೀರೆಯ ದಡಿಯ ನಕ್ಷೆ ಅಂದುಕೊಳ್ಳಬೇಕು. ಅಲ್ಲ. ಒಂದು ವೆಬ್‌ಸೈಟಿನ ಪುಟದ ಮೇಲೆ ಈ ವಾರ ನಿನ್ನೆಯವರೆಗೆ ಖಾನಾಪುರದ ಮೂವತ್ತೊಂದು ಮಂದಿ ಎಲ್ಲೆಲ್ಲಿ ಒತ್ತಿದರು ಎಂಬುದರ ಚಿತ್ರ ಅದು.

"ಹತ್ತಕ್ಕಿಂತ ಹೆಚ್ಚ ಸಲ ಒತ್ತಿದ ಚೌಕಕ್ಕ ಕೆಂಪ. ಕಡಿಮಿ ಇದ್ರ ಹಳದಿ. ಯಾರೂ ಮುಟ್ಟದಿದ್ರ ನೀಲಿ," ಎಂದು ವರದಿಗೆ ಬಂದ ನನಗೆ ಹೇಳುತ್ತಾರೆ, ಪೆನ್ಸಿಲ್ ಎತ್ತದೆ.

ಸೀರೆ ದಡಿಗೆ ನಕ್ಷೆ ಬರೆಯುವ ತಂದೆ ಬಸಲಿಂಗಪ್ಪ ಬಗ್ಗಿ ನೋಡುತ್ತಾರೆ. "ನಾ ಕಲಿಸಿದ್ದು ದಡಿ ಬರಿಯೂದು. ಇಕಿ ಮಂದಿ ಬೆರಳ ಬರಿಯಾಕತ್ತಾಳ ನೋಡ್ರಿ."

"ನಿನ್ನ ದಡಿಗಿಂತ ಚಂದ ಬಂದೈತಿ ತಗೋ ಅಪ್ಪಾ!"

ಇಪ್ಪತ್ತನಾಲ್ಕರ ಕಾಂತಾ ಟಿಳಕವಾಡಿಯ ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಕೆಲಸದವರು. ಕಳೆದ ವರ್ಷ, ಎರಡು ಸಾವಿರದ ಇಸವಿಯಲ್ಲಿ, ಆ ಸೆಂಟರ್ ಒಂದು ಸೇವಾಸಂಸ್ಥೆಗೆ ವೆಬ್‌ಸೈಟ್ ಮಾಡಿಕೊಟ್ಟಿತು. ಕಣ್ಣಿನ ಪೊರೆ ತೆಗೆಸಿಕೊಳ್ಳುವವರ ಹೆಸರು ಅದರಲ್ಲಿ ತುಂಬಬೇಕು. ಖಾನಾಪುರದ ಬಸ್ ಸ್ಟ್ಯಾಂಡ್ ಬಳಿ ಅದಕ್ಕೊಂದು ಕೋಣೆ, ಒಂದೇ ಕಂಪ್ಯೂಟರ್. ಹಿರಿಯರ ಪರವಾಗಿ ಮಗನೋ ಸೊಸೆಯೋ ಬಂದು ಹೆಸರು ತುಂಬುತ್ತಿದ್ದರು. ಆದರೆ ನಲವತ್ತು ಮಂದಿ ಕುಳಿತು ಎದ್ದರೆ ಸಂಸ್ಥೆಗೆ ತಲುಪುತ್ತಿದ್ದದ್ದು ಆರೇ ಹೆಸರು. ಕಾಡಂಚಿನ ಹಳ್ಳಿಯ ಭರಮವ್ವನ ಅತ್ತೆಯ ಸರದಿ ಹೀಗೇ ಎರಡು ಸಲ ತಪ್ಪಿತು.

ಹಳ್ಳಿಯವರಿಗೆ ಇದೆಲ್ಲ ತಿಳಿಯುವುದಿಲ್ಲ, ಕಂಪ್ಯೂಟರ್ ತೆಗೆದುಬಿಡೋಣ ಎಂದಿತು ಸಂಸ್ಥೆ. ತೆಗೆದರೆ ಕಣ್ಣು ಕಾಣದವರ ಮನೆಯವರು ಹೆಸರು ಬರೆಸಲು ಬೆಳಗಾವಿಗೆ ಅಲೆಯಬೇಕು. ತಾವು ಮಾಡಿದ್ದು ಕೆಟ್ಟರೆ ಬಳಸುವವರನ್ನೇ ದಡ್ಡರೆನ್ನುವುದು ಕುರ್ಚಿಯಲ್ಲಿ ಕುಳಿತವರ ಹಳೆಯ ಚಟ. ಆ ಮಂದಿ ಏನು ಮಾಡುತ್ತಿದ್ದಾರೆಂದು ಒಬ್ಬರಾದರೂ ಪಕ್ಕದಲ್ಲಿ ಕುಳಿತು ನೋಡಿದ್ದರೇ? ಕಾಂತಾ ಒಂದು ತಿಂಗಳ ಗಡುವು ಕೇಳಿ, ಹೋಗಿ ಕುಳಿತರು.

ಪುಟವನ್ನು ಮುದ್ರಿಸಿ, ತಂದೆಯ ನಕ್ಷೆಯಂತೆ ಚೌಕ ಎಳೆದುಕೊಂಡರು. ಯಾರು ಎಲ್ಲಿ ಒತ್ತಿದರೂ ಆ ಚೌಕದಲ್ಲಿ ಒಂದು ಗೆರೆ. ಮೌಸ್ ಹಿಡಿಯಲು ಅಂಜಿ ಪರದೆಯ ಗಾಜಿಗೇ ಬೆರಳಿಟ್ಟರೂ ಒಂದು ಗೆರೆ. ವಾರದ ಕೊನೆಗೆ ಬಣ್ಣ ತುಂಬಿದರೆ, ಮೇಲೆ ಶೀರ್ಷಿಕೆಯ ಪಕ್ಕದಲ್ಲಿದ್ದ 'ಕಳುಹಿಸಿ' ಗುಂಡಿ ಪೂರ್ತಿ ನೀಲಿ. ಏನೂ ಇಲ್ಲದ ಕೆಳಗಿನ ಬಲಮೂಲೆ ಕೆಂಡದಂತೆ ಕೆಂಪು.

"ಖಾಲಿ ಜಾಗಾ ಯಾಕ ಒತ್ತತಾರವ್ವಾ?" ಎಂದು ನಕ್ಕರಂತೆ ಸೆಂಟರಿನ ಮಾಲೀಕ ಅಜಿತಕುಮಾರ. ಖಾನಾಪುರದಲ್ಲಿ ಕಾಂತಾಗೆ ಉತ್ತರ ಕೊಟ್ಟವರು ಏಳನೆಯ ತರಗತಿ ಓದಿದ ಭರಮವ್ವ: "ಅರ್ಜಿ ಅಂದಮ್ಯಾಲೆ ಸಹಿ ಆಗಲಿ ಹೆಬ್ಬಟ್ಟ ಆಗಲಿ ಎಲ್ಲೆ ತಂಗಿ? ಕೆಳಗ, ಬಲಕ್ಕ. ಹೆಬ್ಬಟ್ಟ ಒತ್ತಿದ್ನಿ, ಹೋತು ಅನಕೊಂಡ್ನಿ, ಎದ್ದ ಹೋದ್ನಿ."

"ತಪ್ಪ ಅವರದಲ್ರಿ," ಎನ್ನುತ್ತಾರೆ ಕಾಂತಾ. "ಹುಟ್ಟಿದಾಗಿಂದ ಎಲ್ಲಾ ಕಚೇರಿಯವರೂ ಅಲ್ಲೇ ಒತ್ತಸ್ಯಾರ. ಗುಂಡಿನs ಅಲ್ಲಿಗೆ ಹೋಗಬೇಕು, ಮಂದಿ ಅಲ್ಲ." ಹೊರದೇಶದಲ್ಲಿ ಇಂಥ ಚಿತ್ರಕ್ಕೆ ಹೀಟ್‌ಮ್ಯಾಪ್ ಅನ್ನುತ್ತಾರೆಂದು ಹೇಳಿದ ಅಜಿತಕುಮಾರ, ಅಂದೇ ಗುಂಡಿಯನ್ನು ಬಲಮೂಲೆಗೆ ಇಳಿಸಿದರು.

ಇಂದು ಗಡುವಿನ ಕೊನೆಯ ದಿನ. ಖಾನಾಪುರದ ಕೋಣೆಯಲ್ಲಿ ಭರಮವ್ವ ಮೂರನೆಯ ಸಲ ಕುಳಿತಿದ್ದಾರೆ. ಅಕ್ಷರ ಹುಡುಕಿ ಹುಡುಕಿ ಅತ್ತೆಯ ಹೆಸರು ತುಂಬಿ, ಮೌಸನ್ನು ಬಲಮೂಲೆಗೆ ಎಳೆದು ಒತ್ತುತ್ತಾರೆ. ಕಾಂತಾ ಆ ಚೌಕದಲ್ಲಿ ಒಂದು ಗೆರೆ ಎಳೆಯುತ್ತಾರೆ, ಅಷ್ಟೇ; ಹೇಳಿಕೊಟ್ಟರೆ ಲೆಕ್ಕ ಕೆಡುತ್ತದೆ. ಪರದೆಯ ಮೇಲೆ ಸರದಿಯ ತಾರೀಕು ಮೂಡುತ್ತದೆ.

"ಖರೇನ ಹೋತೇನ ತಂಗಿ?"

"ಹೋತಕ್ಕಾ."

"ಆತು ಬಿಡು. ಅತ್ತಿಗೆ ಕಣ್ಣ ಬಂದ್ರ ಮೊದಲ ನನ್ನ ಅನ್ನದಾಗಿನ ಕಲ್ಲs ಕಾಣತಾವ!"

ಸಂಜೆ ಲೆಕ್ಕ ಸಿಗುತ್ತದೆ: ಗುಂಡಿ ಇಳಿಸಿದ ಮೇಲೆ ಕುಳಿತ ನಲವತ್ತು ಮಂದಿಯಲ್ಲಿ ಮೂವತ್ತನಾಲ್ವರ ಹೆಸರು ತಲುಪಿದೆ. ಕಂಪ್ಯೂಟರ್ ಖಾನಾಪುರದಲ್ಲೇ ಇರಲಿ ಎಂದು ಸಂಸ್ಥೆಯಿಂದ ಫೋನ್ ಬರುತ್ತದೆ. ಪುಟದ ತಳದಲ್ಲಿ ಸಂಸ್ಥೆಯ ಹೆಸರಿದೆ, ಸೆಂಟರಿನ ಹೆಸರಿದೆ. ಕಾಂತಾರ ಹೆಸರಿಲ್ಲ. ಹಾಕಿಸಬೇಕಲ್ಲವೇ ಎಂದು ನಾನೇ ಸಿಟ್ಟಾಗುತ್ತೇನೆ.

ಕಾಂತಾ ನಗುತ್ತಾರೆ. "ಬ್ಯಾಡ್ರಿ. ಅಲ್ಲಿ ನನ್ನ ಹೆಸರಿದ್ರ ಮಂದಿ ಅದನ್ನs ಒತ್ತಿ ಎದ್ದ ಹೋಗ್ತಾರ."