ಮಾಸ್ತರು ಬಿಚ್ಚದ ಕೇಬಲ್

ಟಿಕ್. ಒಂದು ಸಣ್ಣ ನಿಟ್ಟುಸಿರು. ಮತ್ತೆ ಟಿಕ್. ನಮ್ಮ ಯಜಮಾನರು ತೀರಿಕೊಂಡ ವರ್ಷ, ಅವರ ಕಂಪ್ಯೂಟರ್ ಹಚ್ಚಿದಾಗಲೆಲ್ಲ ಒಳಗಿಂದ ಬರುತ್ತಿದ್ದ ಸದ್ದು ಅದು. ನನಗೆ ಫ್ಯಾನಿನ ಧೂಳು ಅನಿಸಿತ್ತು. ಬೆಚ್ಚಿದವರು ಮೇಲಿನ ಮನೆಯ ಮಾಸ್ತರು.

ಧಾರವಾಡದ ಕಡೆಯವರು, ಪಾಲಿಟೆಕ್ನಿಕ್ಕಿನಲ್ಲಿ ಕಲಿಸಿ ರಿಟೈರ್ ಆಗಿ ಗೋವಾದ ಫಾತೋರ್ಡಾದ ನಮ್ಮ ಬಿಲ್ಡಿಂಗಿಗೆ ಬಂದವರು. ಜೇಬಿಗೆ ಪೆನ್ನಿನ ಹಾಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡೇ ಮೆಟ್ಟಿಲಿಳಿಯುವರು. ಬಿಚ್ಚಿದ ಸ್ಕ್ರೂಗಳಿಗೆ ನನ್ನ ಬೋನ್ ಚೈನಾ ಸಾಸರೇ ಆಗಬೇಕು. ಪ್ಲಾಸ್ಟಿಕ್ ಡಬ್ಬಿ ಕೊಟ್ಟರೆ, ಬಿದ್ದದ್ದು ಕಿವಿಗೆ ತಿಳಿಯುವುದಿಲ್ಲ ಎಂದು ಹಿಂದಕ್ಕೆ ಸರಿಸುವರು. ನಾನು ಮಷೀನಿಗೆ "ಪ್ಲೀಸ್, ಪ್ಲೀಸ್" ಎಂದರೆ, "ನಿಮ್ಮ ಕಾನ್ವೆಂಟ್ ಇಂಗ್ಲಿಷಿಗೆ ಅದು ಹೆದರಂಗಿಲ್ರಿ ವೈನಿ" ಎನ್ನುವರು.

ಯಜಮಾನರಿಗೆ ಕೊನೆಕೊನೆಗೆ ಕೈ ನಡುಗುತ್ತಿತ್ತು. ಬರೆಯಲಾಗದೆ, ದಿನದ ಮಾತುಗಳನ್ನು ಮೈಕಿಗೆ ಹೇಳಿ ಕಂಪ್ಯೂಟರಿನಲ್ಲಿ ಇಡುತ್ತಿದ್ದರು. ಗ್ಯಾಸ್ ಬುಕ್ ಮಾಡಬೇಕು, ಪಣಜಿಗೆ ಹೋದಾಗ ಚಷ್ಮಾದ ಕಾಲು ರಿಪೇರಿ ಮಾಡಿಸಬೇಕು, ಇಂಥವೇ. ನಥಿಂಗ್ ಗ್ರೇಟ್. ಆದರೆ ಅವರ ದನಿ ಅಂತ ಉಳಿದದ್ದು ಅಷ್ಟೇ.

ಅವರು ಹೋದ ಸ್ವಲ್ಪ ದಿನಕ್ಕೆ ಕಂಪ್ಯೂಟರ್ ಪದೇ ಪದೇ ನಿಲ್ಲತೊಡಗಿತು. ಮಾಸ್ತರು ಹಳೇ ಹಾರ್ಡ್ ಡಿಸ್ಕಿನ ಜೊತೆ ಇನ್ನೊಂದು ಹೊಸದನ್ನು ಕೂಡಿಸಿ, ಅದರ ಮೇಲೆ ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಿದರು. ಹಾಕುವಾಗ ಉಳಿದ ಡಿಸ್ಕಿನ ಕೇಬಲ್ ಬಿಚ್ಚಿಡಬೇಕು. ಕ್ಲಾಸಿನಲ್ಲಿ ಅವರೇ ಕಲಿಸಿದ ಪಾಠವದು. ಆದರೂ ಯಜಮಾನರ ದನಿಯಿದ್ದ ಹಳೇ ಡಿಸ್ಕನ್ನು ಬಿಚ್ಚಲಿಲ್ಲ. ನಮ್ಮಲ್ಲಿ ವರ್ಷಾಂತಿಕ ಮುಗಿಯುವ ತನಕ ಹೋದವರ ಸಾಮಾನು ಕದಲಿಸುವುದಿಲ್ಲ. ಅವರ ಕೋಟು ಗೂಟದಲ್ಲೇ ಇತ್ತು, ಕೋಲು ಮೂಲೆಯಲ್ಲೇ ಇತ್ತು. "ಇದೂ ಅವರದ ಅಲ್ರಿ. ಇರಲಿ" ಎಂದರು ಮಾಸ್ತರು.

ಆಮೇಲೆ ಶುರುವಾದದ್ದು ಆ ಟಿಕ್ ಟಿಕ್. ಹಳೇ ಡಿಸ್ಕ್ ಸಾಯುತ್ತಿದೆ, ಅದಕ್ಕಿನ್ನು ವಿಶ್ರಾಂತಿ ಕೊಡೋಣ ಎಂದು ಮಾಸ್ತರು ಕೊನೆಗೂ ಕೇಬಲ್ ತೆಗೆದರು. ತೆಗೆದರೆ ಕಂಪ್ಯೂಟರ್ ಏಳಲೇ ಇಲ್ಲ. ಮತ್ತೆ ಸಿಕ್ಕಿಸಿದರು, ಎದ್ದಿತು. ಇನ್ನೊಮ್ಮೆ ತೆಗೆದು ಸಿಕ್ಕಿಸಿ ನೋಡಿ, ತಪ್ಪು ತಮ್ಮದೇ ಎಂದರು. ಎರಡೂ ಡಿಸ್ಕ್ ಜೊತೆಗಿದ್ದದ್ದರಿಂದ, ಹೊಸದನ್ನು ಎಬ್ಬಿಸುವ ಭಾಗ ಹಳೆಯದರ ಮೇಲೆ ಹೋಗಿ ಕೂತಿತ್ತು. ನಾನು ಮೇಲ್ ನೋಡಲು ಬಟನ್ ಒತ್ತಿದಾಗಲೆಲ್ಲ ಆ ಸಾಯುವ ಡಿಸ್ಕೇ ಮೊದಲು ತಿರುಗಬೇಕಿತ್ತು.

"ದಿನಾ ಅವರನ್ನ ಎಬ್ಬಸಾಕತ್ತೀವಿ, ವೈನಿ."

ವರ್ಷಾಂತಿಕಕ್ಕೆ ಇನ್ನೂ ದಿನಗಳಿದ್ದವು. ಅವರ ಹೆಂಡತಿ ನಾನು, ನಾನೇ ಪರ್ಮಿಶನ್ ಕೊಡುತ್ತೇನೆ, ಬಿಚ್ಚಿರಿ ಎಂದೆ.

ಮಾಸ್ತರು ಡಿಸ್ಕಿಗೆ ಕೈಮುಟ್ಟಿಸಿ ಕಣ್ಣಿಗೊತ್ತಿಕೊಂಡು, ಹೊರತೆಗೆದು ಟವೆಲ್ಲಿನ ಮೇಲೆ ಮಲಗಿಸಿದರು. ಹೊಸದೊಂದನ್ನೇ ಇಟ್ಟು ಎಲ್ಲ ಮೊದಲಿನಿಂದ ಹಾಕಿದರು. ಆಮೇಲೆ ಹಳೆಯದನ್ನು ಓದಲಷ್ಟೇ ಜೋಡಿಸಿದರು. ಸ್ವಲ್ಪ ಓದಿಸಿ ಬಿಚ್ಚುವರು, ಬಿಸಿ ಆರಲಿ ಎಂದು ಕಾಯುವರು, ಜ್ವರದವರ ಹಣೆ ನೋಡಿದಂತೆ ಮುಟ್ಟಿ ನೋಡುವರು. ಬಹಳಷ್ಟು ಫೈಲು ಬರಲಿಲ್ಲ. ಕೆಲವು ಬಂದವು. ಆಮೇಲೆ ಡಿಸ್ಕ್ ಪೂರಾ ಸುಮ್ಮನಾಯಿತು.

ಮುಂದಿನ ಮಳೆಗಾಲದಲ್ಲಿ ಮಾಸ್ತರಿಗೆ ಹಾರ್ಟ್ ಆಪರೇಶನ್ ನಿಕ್ಕಿಯಾಯಿತು. ಆ ಆಸ್ಪತ್ರೆಯಿಂದ ಅವರು ಮರಳಲಿಲ್ಲ; ನಾನು ಅವರನ್ನು ಕೊನೆಯದಾಗಿ ಕಂಡದ್ದು ಹೊರಟ ದಿನ ಬೆಳಿಗ್ಗೆ. ಕೆಳಗೆ ಟ್ಯಾಕ್ಸಿ ಕಾಯುತ್ತಿತ್ತು. ಬಾಗಿಲಲ್ಲೇ ನಿಂತು ಹೇಳಿ ಹೋಗಲು ಬಂದಿದ್ದರು. ನಾನು ಒಳಗೆ ಉಳಿದ ಆ ದನಿಯ ಫೈಲುಗಳನ್ನು ಹಚ್ಚಿಟ್ಟಿದ್ದೆ. ಅದರಲ್ಲಿ ಯಜಮಾನರು ಚಷ್ಮಾದ ಸುದ್ದಿ ಹೇಳುತ್ತಿದ್ದವರು ತಟ್ಟನೆ ನಿಲ್ಲಿಸಿದರು. ಅದನ್ನು ರೆಕಾರ್ಡ್ ಮಾಡುವಾಗ ಮಾಸ್ತರೇ ಮನೆಗೆ ಬಂದಿರಬೇಕು.

"ಬರ್ರಿ ಮಾಸ್ತರ, ಯಾಕ ಅಲ್ಲೇ ನಿಂತೀರಿ? ಬರ್ರಿ ಬರ್ರಿ, ಒಳಗ ಬರ್ರಿ."

ನಾನು ಬಂದ್ ಮಾಡಲು ಧಾವಿಸಿದೆ. ಮಾಸ್ತರು ಬೇಡವೆಂದು ಕೈಮಾಡಿ, ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯ ತುದಿಗೆ ಕೂತರು.

"ಕರದಾರಲ್ರಿ" ಎಂದು ಸಣ್ಣಗೆ ನಕ್ಕರು.

ಟ್ಯಾಕ್ಸಿಯವನು ಹಾರ್ನ್ ಹಾಕಿದ. ಎದ್ದರು. ಮೆಟ್ಟಿಲಿನ ತಿರುವಿನಲ್ಲಿ ನಿಂತು, ನನ್ನ ಭುಜದಾಚೆಯ ಕೋಣೆಯತ್ತ ಒಮ್ಮೆ ತಲೆಯಾಡಿಸಿದರು, ಕೇಳಿಸಿತು ಅನ್ನುವ ಹಾಗೆ.