ಕಟೌಟಿನ ಹಾಲು, ಹಿತ್ತಲಿನ ಅವರೆ

ಮೂರು ಗಂಟೆ ಹೊತ್ತು ಒಬ್ಬ ಗಂಡಸು ನಿಧಾನಕ್ಕೆ ನಡೆಯೋದನ್ನ ನೋಡಿದ್ದೀರಾ? ನಾನು ನೋಡಿದ್ದೀನಿ. ಹೋದ ವರ್ಷ, ಹಾಸನದ ಥಿಯೇಟರಲ್ಲಿ, ನಮ್ಮೆಜಮಾನ್ರ ಪಕ್ಕದಲ್ಲಿ ಕೂತ್ಕೊಂಡು. ಹೀರೋ ನಡೀತಾನೆ, ಹಿಂದೆ ಹೊಗೆ. ತಿರುಗ್ತಾನೆ, ಮತ್ತೆ ಹೊಗೆ. ಬಚ್ಚಲ ಒಲೆಗೆ ಹಸಿ ಸೌದೆ ಇಟ್ಟರೂ ಅಷ್ಟು ಹೊಗೆ ಬರಲ್ಲ. ಕೊನೆಗೆ ಒಂದು ಮರವನ್ನ ಒಂಟಿ ಕೈಯಲ್ಲಿ ಬೇರು ಸಮೇತ ಕಿತ್ತ. ಜನ ಶಿಳ್ಳೆ ಹೊಡೆದರು. ನಮ್ಮ ಹಿತ್ತಲಿಗೆ ಬಂದು ನಾಲ್ಕು ಪಾರ್ಥೇನಿಯಂ ಕಿತ್ತು ಹೋಗಪ್ಪ ಅಂತ ನಾನು ಮನಸ್ಸಲ್ಲೇ ಅಂದ್ಕೊಂಡೆ. ಕತೆ ಏನು ಅಂತ ಕೇಳಿದರೆ ಎರಡನೇ ಭಾಗದಲ್ಲಿ ಗೊತ್ತಾಗುತ್ತಂತೆ!

ನಾನೇನು ಸಿನಿಮಾ ನೋಡೋ ಆಸೆಗೆ ಹೋದವಳಲ್ಲ. ಜೊತೆಗೆ ಬಂದರೆ ಮುಂದಿನ ಭಾನುವಾರ ಹಿತ್ತಲು ಹಸನು ಮಾಡಿಕೊಡ್ತೀನಿ ಅಂದಿದ್ದರು ಇವರು. ಮುಂದಿನ ಭಾನುವಾರ ಚನ್ನರಾಯಪಟ್ಟಣದಲ್ಲಿ ಇನ್ನೊಂದು ದೊಡ್ಡ ಸಿನಿಮಾ. ಅದರ ಮುಂದಿನದಕ್ಕೆ ಮತ್ತೊಂದು. ಪ್ರತಿ ಸಲ ಹಬ್ಬಕ್ಕೆ ಹೊರಟವರ ಥರ ಹೋಗೋರು, ಮುಖ ಜೋಲು ಹಾಕ್ಕೊಂಡು ಬಂದು "ಅಷ್ಟೇನಿಲ್ಲ ಕಣೇ" ಅನ್ನೋರು. ಅಷ್ಟೇನಿಲ್ಲ ಅಂತ ಗೊತ್ತಾಗೋಕೆ ಮನುಷ್ಯನಿಗೆ ಎಷ್ಟು ಸಿನಿಮಾ ಬೇಕು? ನಾಯಿ ಬಾಲ ಡೊಂಕು ಅಂತ ಸುಮ್ನೆ ಹೇಳಿಲ್ಲ ಹಿರಿಯರು.

ನಮ್ಮದು ಹೊಳೆನರಸೀಪುರ. ಮನೆ ಹಿಂದೆ ಅಂಗೈಯಗಲ ಹಿತ್ತಲು, ಅದರ ತುಂಬ ಎದೆಮಟ್ಟ ಪಾರ್ಥೇನಿಯಂ. ಬಟ್ಟೆ ಒಣಹಾಕೋಕೆ ಹೋದರೆ ಸೀರೆ ಅಂಚಿಗೆಲ್ಲ ಉತ್ತರಾಣಿ ಮುಳ್ಳು. ಅಷ್ಟೇ ಆಗಿದ್ದರೆ ಬಾಯಿ ಮುಚ್ಕೊಂಡಿರ್ತಿದ್ದೆ. ನನ್ನ ಸಂಕಟ ಅಟ್ಟದ ಮೇಲಿದ್ದ ಒಂದು ಡಬ್ಬದ್ದು.

ಅದರಲ್ಲಿದ್ದದ್ದು ನಮ್ಮವ್ವ ಕೊಟ್ಟಿದ್ದ ಅವರೆಬೀಜ. ನನ್ನ ತವರು ಮಲ್ಲಿಪಟ್ಟಣದ ಕಡೆ. ಅವ್ವನ ಅವರೆಕಾಯಿ ಸುಲಿದರೆ ಕೈಗೆ ಹತ್ತಿದ ಸೊಗಡು ಮಾರನೇ ದಿನಕ್ಕೂ ಹೋಗ್ತಿರಲಿಲ್ಲ. ಅವ್ವ ಹೋಗಿ ಎರಡು ವರ್ಷ ಆಯ್ತು. ತಮ್ಮ ಹೊಲಕ್ಕೆಲ್ಲ ಶುಂಠಿ ಹಾಕಿಬಿಟ್ಟ, ಅಲ್ಲಿ ಈಗ ಒಂದು ಕಾಳೂ ಇಲ್ಲ. ಆ ಬೀಜ ಉಳಿದಿದ್ದು ನನ್ನ ಡಬ್ಬದಲ್ಲಿ ಮಾತ್ರ. ಅವ್ವನೇ ಕೆಮ್ಮಣ್ಣು ಕಲಸಿ, ಬೀಜಕ್ಕೆ ಹಚ್ಚಿ, ಒಣಗಿಸಿ ಕೊಟ್ಟಿದ್ದು. ಕೆಮ್ಮಣ್ಣು ಕಟ್ಟಿದರೆ ಹುಳ ತಡೆಯುತ್ತೆ ನಿಜ, ಆದರೆ ಎಷ್ಟು ವರ್ಷ ಅಂತ ತಡೆಯುತ್ತೆ? ಈ ಮಳೆಗಾಲ ತಪ್ಪಿದರೆ ಅವ್ವನ ಅವರೆ ಅಲ್ಲಿಗೆ ಮುಗೀತು. ಇದನ್ನ ಇವರಿಗೆ ನೂರು ಸಲ ಹೇಳಿದ್ದೆ.

ಪುಷ್ಯ ಮಳೆ ಚೆನ್ನಾಗಿ ಹಿಡೀತು. ಆ ಭಾನುವಾರ ನಾನು ಅರಕಲಗೂಡಿಗೆ ಒಂದು ನಾಮಕರಣಕ್ಕೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಹಿತ್ತಲು ಇದ್ದ ಹಾಗೇ ಇದೆ, ಇವರ ಪ್ಯಾಂಟಿನ ಮೊಣಕಾಲ ತನಕ ಕೆಸರು. ಹೊಸ ಸಿನಿಮಾ ಬಿಡುಗಡೆ ಬೇರೆ. ಕಟೌಟಿಗೆ ಹಾಲು ಸುರಿಯೋರ ಜೊತೆ ಕುಣಿದು ಬಂದಿದ್ದಾರೆ ಅಂದ್ಕೊಂಡೆ. ಐವತ್ತೈದಾಯ್ತು, ನಾಚಿಕೆ ಆಗಲ್ವಾ ಅಂತ ಶುರು ಮಾಡಿದವಳು ಊಟದ ಎಲೆ ಎತ್ತೋವರೆಗೂ ನಿಲ್ಲಿಸಲಿಲ್ಲ. ಇವರು ಒಂದು ಸಲ ಹಿತ್ತಲ ಬಾಗಿಲ ಕಡೆ ನೋಡಿ, ಕೈ ತೊಳೆಯೋಕೆ ಎದ್ದರು.

ಎರಡು ವಾರ ಕಳೀತು. ಆ ಹೊಗೆ ಸಿನಿಮಾದ ಎರಡನೇ ಭಾಗ ಬಂತು. ಭಾನುವಾರ ಬೆಳಿಗ್ಗೆಯೇ ಇವರು ಹಾಸನದ ಬಸ್ಸು ಹತ್ತಿದರು. ನಾನು ಸೀರೆ ಎತ್ತಿ ಕಟ್ಟಿ ಗುದ್ದಲಿ ಹಿಡಿದೆ. ಒಂದು ಏಟು ಹೀರೋಗೆ, ಒಂದು ಡೈರೆಕ್ಟರಿಗೆ, ಎರಡು ಇವರಿಗೆ. ಕೆಳಗೆ ಏನಿದೆ ಅಂತ ಕಣ್ಣು ಹಾಯಿಸಿ ನೋಡಲಿಲ್ಲ, ಬುಡ ಸಮೇತ ಕೆರೆದು ಕೆರೆದು ತಿಪ್ಪೆಗೆ ಎಸೆದೆ. ಮಧ್ಯಾಹ್ನಕ್ಕೆ ಹಿತ್ತಲು ತೊಳೆದ ತಟ್ಟೆ ಥರ ಆಯ್ತು. ಯಾವ ಹೀರೋನೂ ಬೇಕಾಗಿಲ್ಲ ನನಗೆ ಅಂತ ಬೀಗಿಕೊಂಡು ಅಟ್ಟದಿಂದ ಡಬ್ಬ ಇಳಿಸಿದೆ.

ಡಬ್ಬದಲ್ಲಿ ಒಂದಿಷ್ಟು ಕೆಂಪು ಪುಡಿ ಬಿಟ್ಟರೆ ಏನೂ ಇರಲಿಲ್ಲ.

ಇಲಿ ತಿಂದಿರಬೇಕು ಅಂದ್ಕೊಂಡರೆ ಮುಚ್ಚಳ ಬಿಗಿಯಾಗೇ ಇತ್ತು. ಹಾಗಾದರೆ ಇವರೇ ತೆಗೆದು ಊರಿಬಿಟ್ಟಿದ್ದಾರಾ ಅನ್ನಿಸಿ ತಿಪ್ಪೆ ಹತ್ತಿರ ಓಡಿದೆ. ಪಾರ್ಥೇನಿಯಂ ನಡುವೆ ಅವರೆ ಸಸಿ, ಒಂದೊಂದಕ್ಕೂ ಎರಡೆರಡು ಎಲೆ, ಬಿಸಿಲಿಗೆ ಬಾಡಿ ಮಲಗಿದ್ದವು. ಬೇರು ಹರಿದಿದ್ದೇ ಹೆಚ್ಚು. ಅಲ್ಲೇ ಕೂತು ಅತ್ತೆ.

ಸಂಜೆ ಇವರು ಬಂದು ತಿಪ್ಪೆ ನೋಡಿದರು, ನನ್ನ ನೋಡಿದರು. ಬೈಯಲಿಲ್ಲ. ಆ ನಾಮಕರಣದ ಭಾನುವಾರ ಇವರು ಸಿನಿಮಾಕ್ಕೆ ಹೋಗೇ ಇರಲಿಲ್ಲವಂತೆ. ಕಳೆ ಕೀಳುತ್ತಾ ಕೂತರೆ ಹದ ತಪ್ಪುತ್ತೆ ಅಂತ, ಪಾರ್ಥೇನಿಯಂ ಸಂದಿಯಲ್ಲೇ ಮಂಡಿಯೂರಿ ಮೊಳಕ್ಕೊಂದು ಬೀಜ ಊರಿದ್ದರಂತೆ. "ಮಳೆ ನೋಡಿ ಬೀಜ ಹಾಕಿ, ಕಳೆ ನಾಳೆನೂ ಇರುತ್ತೆ ಅಂತ ನಿಮ್ಮವ್ವನೇ ಹೇಳ್ತಿದ್ರಲ್ಲೇ" ಅಂದರು.

ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಗಿಡ ಮೇಲೆ ಬಂದ್ಮೇಲೆ ತೋರಿಸಾಣ ಅಂತಿದ್ದೆ. ಬಾಯಲ್ಲಿ ಹೇಳಿದ್ರೆ ನೀನು ನಂಬ್ತಿದ್ಯಾ?"

ಇಬ್ಬರೂ ಕೂತು ತಿಪ್ಪೆ ಕೆದಕಿ, ಬೇರು ಉಳಿದ ಸಸಿಗಳನ್ನ ಆರಿಸಿ ಮತ್ತೆ ನೆಟ್ಟೆವು. ನಾಲ್ಕೇ ನಾಲ್ಕು ಹಿಡಿದವು. ಎರಡನೇ ಭಾಗ ಹೇಗಿತ್ತು ಅಂತ ನಾನು ಕೇಳಲಿಲ್ಲ. ಅವರೇ "ಅಷ್ಟೇನಿಲ್ಲ" ಅಂದರು. ಕತೆ ಮೂರನೇ ಭಾಗದಲ್ಲಿ ಗೊತ್ತಾಗುತ್ತಂತೆ, ಆ ಸಿನಿಮಾದೋರ ಮುಖಕ್ಕಿಷ್ಟು.

ಈ ಸಲ ಅವರೆಕಾಯಿ ಸಾರಿಲ್ಲ, ನಾಲ್ಕು ಬಳ್ಳಿಯ ಕಾಯಿ ಪೂರಾ ಬೀಜಕ್ಕೆ ಬಿಟ್ಟೆ. ಮೊನ್ನೆ ಬೀಜಕ್ಕೆ ಹಚ್ಚೋಕೆ ಕೆಮ್ಮಣ್ಣು ಕಲಸ್ತಾ ಇದ್ದಾಗ ಆ ನೀರು ನೋಡಿ ಕೈ ನಿಂತುಹೋಯ್ತು. ಆ ನಾಮಕರಣದ ದಿನದ ಕೆಸರು ಪ್ಯಾಂಟು ಒಗೆದವಳು ನಾನೇ. ಕಿಸೆ ಹತ್ತಿರ ಅವರು ಬೀಜ ಹಿಡಿದ ಕೈ ಒರೆಸಿಕೊಂಡಿದ್ದ ಜಾಗದಿಂದ ನೀರು ಹೀಗೇ ಕೆಂಪಗೆ ಇಳಿದಿತ್ತು. ಕಣ್ಣಾರೆ ನೋಡ್ತಾ, ಅವರನ್ನ ಬೈಕೊಂಡೇ ಒಗೆದಿದ್ದೆ.