ಗಾಳಿ ಮರಳಿ ಬರುವ ಊರು

ವಿಮಾನವೊಂದು ನಮ್ಮ ಅಡುಗೆಮನೆಯ ಕಿಟಕಿಯ ಎದುರಿನಲ್ಲೇ ಇಳಿಯಿತು. ಅದರ ಚಕ್ರಗಳು ಎದುರು ಮನೆಯವರು ಬಿದಿರುಕೋಲಿನ ಮೇಲೆ ಹರವಿದ್ದ ಬಟ್ಟೆಗೆ ತಾಗಿಯೇ ಬಿಟ್ಟವೆಂದು ನಾನು ಕಣ್ಣು ಮುಚ್ಚಿದೆ. ಯಲಹಂಕದಲ್ಲಿ ವಿಮಾನಗಳನ್ನು ತಲೆಯೆತ್ತಿ ನೋಡಿ ಬೆಳೆದವಳು ನಾನು. ಹಾಂಗ್‌ಕಾಂಗಿನಲ್ಲಿ ಅವನ್ನು ನೆರೆಹೊರೆಯವರಂತೆ ಎದುರುಬದುರಾಗಿ ನೋಡಬೇಕಾಯಿತು. ಕಣ್ಣು ತೆರೆದಾಗ ಒಲೆಯ ಮೇಲಿನ ಹಾಲು ಉಕ್ಕಿಹೋಗಿತ್ತು.

ಬಂದರಿನ ಈ ದಡ ಕೌಲೂನ್, ಆ ದಡ ಹಾಂಗ್‌ಕಾಂಗ್ ದ್ವೀಪ. ನಮ್ಮ ಮನೆ ಈ ದಡದಲ್ಲಿ, ವಿಮಾನ ನಿಲ್ದಾಣದ ಮಗ್ಗುಲಿನ ಒಂದು ಕಟ್ಟಡದ ಒಂಬತ್ತನೆಯ ಮಹಡಿಯಲ್ಲಿದೆ. ಅಲ್ಲಿಂದ ಸ್ವಲ್ಪ ದೂರದ ಮೊಂಗ್‌ಕಾಕ್ ಎಂಬ ಬಡಾವಣೆಗೆ ಹೋದರೆ, ಯಶವಂತಪುರದ ಸಂತೆಯನ್ನು ಅಂತಸ್ತಿನ ಮೇಲೆ ಅಂತಸ್ತಾಗಿ ಪೇರಿಸಿಟ್ಟಂತೆ ಕಾಣುತ್ತದೆ. ಈ ದಡದ ಚಿಮ್ ಷಾ ಚುಯಿಯ ಹಡಗುಕಟ್ಟೆಯಿಂದ ಹಡಗು ಹತ್ತಿದರೆ ಆಚೆ ಸೆಂಟ್ರಲ್, ಬ್ಯಾಂಕುಗಳ ಪೇಟೆ. ನನ್ನ ಯಜಮಾನರ ಕಚೇರಿ ಅಲ್ಲಿದೆ. ಅವರು ಪ್ರತಿದಿನ ನೀರು ದಾಟಿ ಹೋಗುತ್ತಾರೆಂಬುದೇ ನನಗೆ ಬಹುಕಾಲ ಅಂಜಿಕೆಯ ಸಂಗತಿಯಾಗಿತ್ತು. ಸೊಪ್ಪಿನವಳಿಗೆ ‘ಮ್‌ಗೋಯ್’ ಎಂದು, ಅಂದರೆ ಉಪಕಾರವಾಯಿತೆಂದು, ಹೇಳಲು ಕಲಿತ ದಿನ ಅವಳು ನಕ್ಕಳು. ಆ ವಾರದಲ್ಲಿ ಮನೆಯವರ ಹೊರತು ನನ್ನೊಡನೆ ನಕ್ಕ ಜೀವ ಅದೊಂದೇ.

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಮನುಷ್ಯರೆಲ್ಲರಿಗೂ ಆಕಾಶವೊಂದೇ ಎಂದು ವಾದಿಸಿ ಬಹುಮಾನ ಪಡೆದಿದ್ದೆ. ಕೊಡಿಗೇಹಳ್ಳಿಯ ಹೆಂಗಸರಿಗೆ ಅಕ್ಷರ ಕಲಿಸುವಾಗಲೂ, ಭಯವೆಂಬುದು ತಿಳಿಯದಿರುವುದರ ಫಲ, ತಿಳಿದರೆ ತೊಲಗುತ್ತದೆ ಎನ್ನುತ್ತಿದ್ದೆ. ಆ ಮಾತನ್ನು ಈಗಲೂ ನಂಬುತ್ತೇನೆ. ಆದರೆ ತಿಳಿಯುವ ಮುನ್ನ ಭಯವು ಎಷ್ಟು ಹತ್ತಿರ ಬಂದು ನಿಲ್ಲಬಲ್ಲದೆಂಬುದನ್ನು ಆಗ ಅರಿತಿರಲಿಲ್ಲ.

ಎರಡನೆಯ ವರ್ಷ ಯಶವಂತಪುರದಿಂದ ನಮ್ಮ ಅತ್ತೆ ಬಂದರು. ಬಂದವರೇ ಅಕ್ಕಿ ಸಂಡಿಗೆ ಇಟ್ಟರು. ಹಳೆಯ ಸೀರೆ ಹಾಸಿ, ಕಟ್ಟಡದ ತಾರಸಿಯ ಮೇಲೆ ಒಣಗಲಿಟ್ಟು, ಏಳು ವರ್ಷದ ನನ್ನ ಮಗಳು ಶೈಲಾಳನ್ನು ಕಾವಲಿಗೆ ಕೂರಿಸಿಕೊಂಡರು. ಸಂಡಿಗೆ ಅರೆ ಒಣಗಿತ್ತು. ಅಷ್ಟರಲ್ಲಿ ಎಂಟನೆಯ ‘ಫುಂಗ್‌ಖಾವ್’ ಏರಿತು. ಫುಂಗ್‌ಖಾವ್ ಎಂದರೆ ಗಾಳಿಚೆಂಡು. ಚಂಡಮಾರುತ ಬಲವಾದಂತೆ ಸಂಖ್ಯೆ ಏರುವ ಎಚ್ಚರಿಕೆಗೆ ಇಲ್ಲಿಯವರ ಹೆಸರು. ಎಂಟನೆಯ ಎಚ್ಚರಿಕೆ ಏರಿದರೆ ಹಡಗುಗಳು ನಿಲ್ಲುತ್ತವೆ. ಯಜಮಾನರು ಆಚೆ ದಡದಲ್ಲಿ ಉಳಿದರು. ಸಂಡಿಗೆಯನ್ನು ಸೀರೆಸಮೇತ ಒಳಗೆ ತಂದೆವು.

ಮಾರನೆಯ ಬೆಳಗಿನಿಂದ ಗಾಳಿ ಬಂದರಿನ ಕಡೆಯ ಕಿಟಕಿಯನ್ನು ಗುದ್ದುತ್ತಲೇ ಇತ್ತು. ಕಟ್ಟಡವೇ ಓಲಾಡಿದಂತಾಗಿ, ಲೋಟದೊಳಗಿನ ನೀರು ನಡುಗಿತು. ಮಧ್ಯಾಹ್ನ ಒಮ್ಮೆಲೇ ಎಲ್ಲವೂ ನಿಂತು ಬಿಸಿಲು ಬಂತು. ಆಚೆ ದಡದ ಸುದ್ದಿಯೇನಾದರೂ ಸಿಕ್ಕೀತೆಂದು ನಾನು ಪಕ್ಕದ ಮನೆಯ ಮಿಸೆಸ್ ಲಾಮ್ ಅವರಲ್ಲಿಗೆ ಓಡಿದೆ. ಆಕೆ ಬಂದರಿನ ಕಿಟಕಿಗೆ ಒರಗಿಸಿದ್ದ ಬೀರುವನ್ನು ಎಳೆದು, ಗುಡ್ಡದ ಕಡೆಯ ಕಿಟಕಿಗೆ ಅಡ್ಡ ಇಡುತ್ತಿದ್ದರು. ಏಕೆಂದು ಕೇಳಿದೆ. ಅರೆಬರೆ ಇಂಗ್ಲಿಷಿನಲ್ಲಿ, ಇದು ಚಂಡಮಾರುತದ ನಡುವಿನ ಕಣ್ಣು, ಗಾಳಿ ಹೋಗಿಲ್ಲ, ಈಗ ಈ ಕಡೆಯಿಂದ ಬರುತ್ತದೆ ಎಂದರು.

ಹಿಂದಿರುಗಿದರೆ ನಮ್ಮ ಮನೆಯ ಬಾಗಿಲು ತೆರೆದಿತ್ತು. ಅತ್ತೆಯಿಲ್ಲ, ಮಗುವಿಲ್ಲ. ಸಂಡಿಗೆಯ ಸೀರೆಯೂ ಇಲ್ಲ.

ಅರೆ ಒಣಗಿದ ಸಂಡಿಗೆ ಮುಗ್ಗಲು ಹಿಡಿಯುವ ಮುನ್ನ, ಮಳೆ ನಿಂತ ಕೂಡಲೇ ಮತ್ತೆ ಬಿಸಿಲಿಗೆ ಹಾಕಬೇಕು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಾನು ಮೆಟ್ಟಿಲು ಹತ್ತಿದ ಬಗೆ ನನಗೇ ನೆನಪಿಲ್ಲ.

ತಾರಸಿಯ ಆ ತುದಿಯಲ್ಲಿ ಅತ್ತೆ ಸೀರೆ ಹಾಸುತ್ತಿದ್ದರು. ಅದರ ಇನ್ನೊಂದು ತುದಿ ಶೈಲಾಳ ಕೈಯಲ್ಲಿತ್ತು.

“ಬಂದ್ಯಾ? ಆ ಮೂಲೆಗೊಂದು ಇಟ್ಟಿಗೆ ಇಡು. ಎಂಥಾ ಬಿಸ್ಲು ನೋಡು,” ಎಂದರು.

ಒಳಗೆ ಬನ್ನಿ, ಗಾಳಿ ಮತ್ತೆ ಬರುತ್ತದಂತೆ ಎಂದೆ.

“ಬಂದ ಮಳೆ ನಿಂತೋಯ್ತು ಕಣೇ. ಯಶವಂತಪುರದಲ್ಲಿ ನಾನ್ ನೋಡ್ದೇ ಇರೋ ಮಳೆನಾ? ಸ್ಟೇಜ್ ಮೇಲೆ ಅಷ್ಟ್ ಮಾತಾಡ್ತಿದ್ದೋಳು, ಈಗ ನೆರಳು ಕಂಡ್ರೂ ಹೆದರ್ತೀಯ.”

ಉತ್ತರ ಕೊಡಲು ಬಾಯಿ ತೆರೆದೆ. ಜೀವನದಲ್ಲಿ ಮೊದಲ ಬಾರಿಗೆ ವಾದವನ್ನು ಕೈಬಿಟ್ಟು ಮಗುವಿನ ರಟ್ಟೆ ಹಿಡಿದೆ. ಗುಡ್ಡಗಳು ಆಗಲೇ ಕಾಣುತ್ತಿರಲಿಲ್ಲ. ಮಗಳನ್ನು ಒಂದು ಕೈಯಲ್ಲಿ, ಅತ್ತೆಯನ್ನು ಇನ್ನೊಂದರಲ್ಲಿ ಎಳೆದುಕೊಂಡು ಬಾಗಿಲು ಸೇರುವಷ್ಟರಲ್ಲಿ ಬೆನ್ನ ಹಿಂದೆ ಸೀರೆ ಎದ್ದಿತು. ಸಂಡಿಗೆಯೆಲ್ಲ ಕಲ್ಲಿನಂತೆ ಬಂದು ಬಡಿಯಿತು. ಕಬ್ಬಿಣದ ಬಾಗಿಲು ನನ್ನೊಬ್ಬಳಿಗೆ ಮಣಿಯಲಿಲ್ಲ. ಮಿಸೆಸ್ ಲಾಮ್ ನನ್ನ ಹಿಂದೆಯೇ ಹತ್ತಿ ಬಂದಿದ್ದರು. ಅವರು, ನಾನು, ಅತ್ತೆ ಮೂವರೂ ಸೇರಿ ಎಳೆದು ಅಗುಳಿ ಹಾಕಿದೆವು.

ಅತ್ತೆ ಮೆಟ್ಟಿಲ ಮೇಲೆ ಕುಳಿತು ಶೈಲಾಳನ್ನು ಮಡಿಲಿಗೆಳೆದುಕೊಂಡರು. ಅವಳ ಕೂದಲಿಗಂಟಿದ ಸಂಡಿಗೆ ತೆಗೆಯುತ್ತ ಕೇಳಿದರು: “ಆ ಕಡೆಯಿಂದ ಯಾಕೆ ಬಂತೇ?”

ಮರುದಿನ ಮೊದಲ ಹಡಗಿನಲ್ಲಿ ಯಜಮಾನರು ಬಂದರು. ನಾನು ಮಿಸೆಸ್ ಲಾಮ್ ಅವರಿಗೆ ಮ್‌ಗೋಯ್ ಎಂದೆ. ಸೊಪ್ಪಿಗೆ ಹೇಳುವ ಅದೇ ಮಾತು. ಬೇರೆ ಮಾತು ನನಗಿನ್ನೂ ಬರುತ್ತಿರಲಿಲ್ಲ.

ಕಳೆದ ಬೇಸಿಗೆಯ ರಜೆಯಲ್ಲಿ ಎಲ್ಲರೂ ಯಶವಂತಪುರಕ್ಕೆ ಹೋಗಿದ್ದೆವು. ಒಂದು ಮಧ್ಯಾಹ್ನ ಜೋರು ಮಳೆ ಸುರಿದು ನಿಂತು, ಬಿಸಿಲು ಬಂತು. ಸಾಲಿನ ಮನೆಗಳ ತಾರಸಿಯ ಮೇಲೆಲ್ಲ ಹೆಂಗಸರು ಸಂಡಿಗೆ ಹರಡಲು ಬಂದರು. ಅತ್ತೆ ಮಾತ್ರ ಮೊರ ಹಿಡಿದು ತಾರಸಿಯ ಬಾಗಿಲಲ್ಲೇ ನಿಂತಿದ್ದರು. ಪಕ್ಕದ ಮನೆಯಾಕೆ ಅಲ್ಲಿಂದಲೇ ಕೆಣಕಿದರು: “ಏನ್ರೀ, ಫಾರಿನ್‌ಗೆ ಹೋಗಿ ಬಿಸ್ಲಿಗೂ ಹೆದ್ರೋದ್ ಕಲ್ತ್ಕೊಂಡ್ ಬಂದ್ರಾ?”

“ಸ್ವಲ್ಪ ತಡೀರಿ,” ಎಂದರು ಅತ್ತೆ, ಮಳೆ ಬಂದ ದಿಕ್ಕಿಗೆ ಎದುರಾದ ಗೊರಗುಂಟೆಪಾಳ್ಯದ ಕಡೆಯ ಆಕಾಶವನ್ನೇ ನೋಡುತ್ತ.

ಶೈಲಾ ಅವರ ಸೆರಗು ಹಿಡಿದು ಮೆಲ್ಲಗೆ ಕೇಳಿದಳು: “ಇಲ್ಲಿ ನಮ್ಮೂರ ಥರ ಗಾಳಿ ವಾಪಸ್ ಬರಲ್ವಾ, ಅಜ್ಜಿ?”

ನಮ್ಮೂರು ಇದೇ ಕಣೇ ಎಂದು ನಾನು ತಿದ್ದಬೇಕಿತ್ತು. ತಿದ್ದಲಿಲ್ಲ. ನಾನೂ ಬಾಗಿಲು ದಾಟದೆ, ಅದೇ ಕಡೆ ನೋಡುತ್ತ ನಿಂತಿದ್ದೆ.